ಹಿಡಿದೆ, ಹಿಡೀಲಿಲ್ಲ

2024ರ ಜುಲೈ ತಿಂಗಳ ಒಂದು ಭಾನುವಾರ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಹೋಗಿ ನಾಲ್ಕು ಕನ್ನಡದ ಮುಖ ನೋಡಿ ಬರೋಣ ಅಂತ ಹೊರಟಿದ್ದೆ. ನಮ್ಮ ದಿಲ್‌ಸುಖ್‌ನಗರದಿಂದ ಮಲಕ್‌ಪೇಟೆ, ಚಾದರ್‌ಘಾಟ್ ದಾಟಿದರೆ ಕಾಚಿಗುಡ. ಮೆಟ್ರೋ ಇದೆ, ಬಸ್ಸಿದೆ, ಆಟೋ ಇದೆ. ಆದರೆ ಡಾಕ್ಟರು ನನ್ನ ಸಕ್ಕರೆ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದ ಮೇಲೆ ನಾನು ಇಪ್ಪತ್ತಾರು ವರ್ಷದ ಹಳೆಯ ಸೈಕಲ್ಲನ್ನು ಮತ್ತೆ ಕೆಳಗಿಳಿಸಿದ್ದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಮಲಕ್‌ಪೇಟೆಯ ರೈಲ್ವೆ ಸೇತುವೆಯ ಕೆಳಗಿನ ಇಳಿಜಾರು ಈ ಊರಿನವರಿಗೆಲ್ಲ ಗೊತ್ತು, ಮಳೆ ಬಂದರೆ ಅದು ರಸ್ತೆಯೋ ಕೆರೆಯೋ ಹೇಳುವುದು ಕಷ್ಟ. ಅಲ್ಲಿ ಇಳಿಯುವಾಗ ಮುಂದಿನ ಬಸ್ಸು ಗಕ್ಕನೆ ನಿಂತಿತು. ಎರಡೂ ಬ್ರೇಕು ಒತ್ತಿ ಹಿಡಿದೆ. ಸೈಕಲ್ಲು ಮಾತ್ರ ತನಗೆ ಯಾರೂ ಏನೂ ಹೇಳಿಯೇ ಇಲ್ಲ ಅನ್ನುವ ಹಾಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಚಪ್ಪಲಿ ನೆಲಕ್ಕೆ ಉಜ್ಜಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಒಂದು ಎಳನೀರಿನ ಗಾಡಿಗೆ ಹೋಗಿ ಒರಗಿದೆ. ಎರಡು ಎಳನೀರು ಉರುಳಿದವು. ದುಡ್ಡು ಕೊಟ್ಟು, ಅವನ್ನೇ ಕುಡಿದು, ಸೈಕಲ್ ತಳ್ಳಿಕೊಂಡು ಮನೆಗೆ ವಾಪಸ್ ಬಂದೆ.

ಮೊಣಕೈ ತರಚಿದ್ದು ನೋಡಿ ಹೆಂಡತಿ ಕೇಳಿದಳು, "ಬ್ರೇಕ್ ಹಿಡೀಲಿಕ್ಕೆ ಆಗಲಿಲ್ಲೇನ್ರಿ?"

"ಹಿಡಿದೆ. ಹಿಡೀಲಿಲ್ಲ" ಅಂದೆ.

ಅಂದ ಮೇಲೆ ನಾನೇ ಒಂದು ಗಳಿಗೆ ಸುಮ್ಮನಾದೆ. ಯಾಕೆಂದರೆ ಆ ಮಾತು ನನ್ನದಲ್ಲ. ನಮ್ಮ ಅಪ್ಪನದು. 1980ರದು.

ಅಪ್ಪ ಲಿಂಗಸುಗೂರು ತಾಲೂಕಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮ ಊರಿಂದ ಅವರ ಶಾಲೆಗೆ ಐದು ಮೈಲಿ, ನಡುವೆ ಒಂದು ಹಳ್ಳ. ಕರಿ ಬಣ್ಣದ, ಇಪ್ಪತ್ತೆಂಟು ಇಂಚಿನ ಚಕ್ರದ, ಸರಳು ಬ್ರೇಕಿನ ಸೈಕಲ್. ನಾನೂ ಅದೇ ಶಾಲೆಯಲ್ಲಿ ಓದುತ್ತಿದ್ದುದರಿಂದ ಮುಂದಿನ ಡಂಡಿಯ ಮೇಲೆ ಟವೆಲ್ ಸುತ್ತಿ ಕೂಡಿಸಿಕೊಳ್ಳುತ್ತಿದ್ದರು. ಆ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ, ಹಳ್ಳದ ಇಳಿಜಾರಿನಲ್ಲಿ ಸೈಕಲ್ ನಿಲ್ಲಲಿಲ್ಲ. ಕೆಳಗೆ ಕೆಂಪು ನೀರು ಹರಿಯುತ್ತಿತ್ತು. ಅಪ್ಪ ಸೈಕಲ್ಲನ್ನು ದಾರಿ ಪಕ್ಕದ ಜಾಲಿ ಕಂಟಿಗೆ ನುಗ್ಗಿಸಿದರು. ನನಗೆ ಮುಳ್ಳು ಚುಚ್ಚಿದ್ದಷ್ಟೇ. ಅವರ ಬಲಗೈ ಮಣಿಕಟ್ಟು ಮುರಿಯಿತು. ನಾಟಿ ವೈದ್ಯರು ಕಟ್ಟಿದರು, ಕೂಡಿತು, ಆದರೆ ಓರೆಯಾಗಿ ಕೂಡಿತು. ಆಮೇಲೆ ಅವರು ಬೋರ್ಡಿನ ಮೇಲೆ ಬರೆದ ಅಕ್ಷರಗಳೆಲ್ಲ ಎಡಕ್ಕೆ ವಾಲುತ್ತಿದ್ದವು. ಆ ಶಾಲೆಯಲ್ಲಿ ಓದಿದ ಒಂದು ತಲೆಮಾರಿನ ಹುಡುಗರ ಅಕ್ಷರವೂ ಹಾಗೇ ವಾಲಿದ್ದನ್ನು ನಾನು ನೋಡಿದ್ದೇನೆ.

ಅವ್ವ ಮಾತ್ರ ಇದನ್ನು ಬಿಡಲಿಲ್ಲ. ಜಗಳವಾದಾಗಲೆಲ್ಲ, "ಕೂಸಿನ್ನ ಕರ್ಕೊಂಡು ಹೋಗಿ ಕೆಡವಿಕೊಂಡು ಬಂದ್ರಿ" ಅನ್ನುತ್ತಿದ್ದಳು. ಅಪ್ಪ ಒಂದೇ ಮಾತು ಹೇಳುತ್ತಿದ್ದರು, "ಹಿಡಿದೆ, ಹಿಡೀಲಿಲ್ಲ." 2009ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಮನಸ್ಸಿನಲ್ಲಿ ಅವ್ವನ ಕಡೆಗೇ ಇದ್ದೆ. ಅಪ್ಪ ಏನೋ ಯೋಚಿಸುತ್ತ ಬ್ರೇಕು ತಡವಾಗಿ ಹಿಡಿದಿರಬೇಕು ಅಂತಲೇ ನನ್ನ ಲೆಕ್ಕ.

ಮಲಕ್‌ಪೇಟೆಯಲ್ಲಿ ನಾನು ತಡ ಮಾಡಿರಲಿಲ್ಲ. ಅದು ನನಗೆ ಖಾತ್ರಿ. ಹಾಗಾದರೆ ಅಪ್ಪ?

ನನ್ನ ಈ ಸೈಕಲ್ಲಿನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. 1996ರಲ್ಲಿ ಬ್ಯಾಂಕಿನವರು ಹೈದರಾಬಾದಿಗೆ ಹಾಕಿದರು. 1998ರಲ್ಲಿ 3,150 ರೂಪಾಯಿ ಕೊಟ್ಟು ಗೇರಿನ ಸೈಕಲ್ ಕೊಂಡೆ. ದಪ್ಪ ಟೈರು, ಸ್ಟೀಲ್ ಫ್ರೇಮು, ಫಳಫಳ ಹೊಳೆಯುವ ಕ್ರೋಮ್ ರಿಮ್ಮು. ಬೆಳಿಗ್ಗೆ ಸರೂರ್‌ನಗರ ಕೆರೆ ಕಡೆ ಒಂದು ಸುತ್ತು, ಆಮೇಲೆ ಬ್ಯಾಂಕು. 2013ರ ಫೆಬ್ರವರಿ 21ರ ಸಂಜೆ ನಮ್ಮ ದಿಲ್‌ಸುಖ್‌ನಗರದಲ್ಲಿ ಎರಡು ಬಾಂಬ್ ಸಿಡಿದವು. ಬಾಂಬುಗಳನ್ನು ಇಟ್ಟದ್ದು ಸೈಕಲ್‌ಗಳ ಮೇಲೆ. ನಾವು ದಿನಾ ತರಕಾರಿ ಕೊಳ್ಳಲು, ಬಸ್ಸಿಗೆ ಕಾಯಲು ನಿಲ್ಲುತ್ತಿದ್ದ ಜಾಗದಲ್ಲಿ ಜನ ಸತ್ತರು. ಅದಾದ ಮೇಲೆ ಎಷ್ಟೋ ದಿನ ಗೋಡೆಗೆ ಒರಗಿಸಿದ ಸೈಕಲ್ ಕಂಡರೆ ಜನ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಕೆಳಗೆ ನಿಲ್ಲಿಸಲು ನನಗೂ ಮನಸ್ಸಾಗಲಿಲ್ಲ. ಬಟ್ಟೆ ಸುತ್ತಿ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಇಟ್ಟುಬಿಟ್ಟೆ. ಹತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಇತ್ತು. ಆದ್ದರಿಂದಲೇ ಫ್ರೇಮು ತುಕ್ಕು ಹಿಡಿಯದೆ ಉಳಿಯಿತು.

ಎಳನೀರಿನ ಘಟನೆ ಆದ ಮೇಲೆ ಮಗಳು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವವಳು, ತೀರ್ಪು ಕೊಟ್ಟಳು. "ಅಪ್ಪಾ, ಇದಕ್ಕೆ ಡಿಸ್ಕ್ ಬ್ರೇಕ್ ಹಾಕಿಸೋಣ. ಹಳೇ ಫ್ರೇಮಿಗೆ ಅಡಾಪ್ಟರ್ ಸಿಗುತ್ತೆ. ಹಾಕಿಸಿದ್ರೆ ಕಾಲೇಜಿಗೆ ನಾನೇ ತಗೊಂಡು ಹೋಗ್ತೀನಿ."

ಮಗಳು ಓಡಿಸುತ್ತಾಳೆ ಅಂದಮೇಲೆ ಸುಮ್ಮನೆ ಅಂಗಡಿಗೆ ಹೋಗಿ ಹಾಕಿಸಿಕೊಂಡು ಬರುವುದಕ್ಕೆ ಆಗುತ್ತದೆಯೇ? ಬಿಕಾಂ ಓದಿದವನಿಗೆ ಒಂದು ಚಟ, ಹಳೆಯ ಖಾತೆ ನೋಡದೆ ಹೊಸ ಎಂಟ್ರಿ ಹಾಕುವುದಿಲ್ಲ. ಹಾಗಾಗಿ ಬ್ರೇಕಿನ ಚರಿತ್ರೆ ಓದಲು ಕೂತೆ.

ಓದಿದ ಮೇಲೆ ಅನಿಸಿದ್ದು ಇಷ್ಟು. ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಇರಲೇಬೇಕು. ಓಡುವ ಸೈಕಲ್ ನಿಲ್ಲಿಸಿದಾಗ ಆ ವೇಗದ ಹೊರೆಯನ್ನು ಸೈಕಲ್ಲಿನ ಯಾವುದೋ ಒಂದು ಭಾಗ ಹೊರಲೇಬೇಕು. ಆ ಹೊರೆಯನ್ನು ಯಾರ ಖಾತೆಗೆ ಬರೆಯುವುದು? ನೂರೈವತ್ತು ವರ್ಷ ಜನ ತಲೆ ಕೆಡಿಸಿಕೊಂಡದ್ದು ಇದಕ್ಕೇ.

ಮೊದಲು ಬರೆದದ್ದು ಟೈರಿನ ಖಾತೆಗೆ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ಆ ಹಳೆಯ ಸೈಕಲ್‌ಗಳ ಚಿತ್ರ ನೀವು ನೋಡಿರುತ್ತೀರಿ. ಅದರಲ್ಲಿ ಚಮಚದ ಆಕಾರದ ಒಂದು ಲೋಹದ ತುಂಡು ಮುಂದಿನ ಗಟ್ಟಿ ರಬ್ಬರ್ ಟೈರನ್ನು ಮೇಲಿನಿಂದ ಒತ್ತುತ್ತಿತ್ತು. ಜೋರಾಗಿ ಒತ್ತಿದರೆ ಸವಾರ ಹ್ಯಾಂಡಲ್ ದಾಟಿ ಮುಂದೆ ಬೀಳುತ್ತಿದ್ದ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯ 'ರೋವರ್' ಸೈಕಲ್ ಮಾಡಿದ. ನಾವು ಇವತ್ತು ಓಡಿಸುವುದು ಅದರ ಮೊಮ್ಮಕ್ಕಳನ್ನೇ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಕೂತವರಿಗೆ ಸುಖವಾಯಿತು. ಆದರೆ ಗಾಳಿ ಟೈರನ್ನು ಚಮಚದಿಂದ ಉಜ್ಜಿದರೆ ಟೈರೇ ಸವೆದು ಹೋಗುತ್ತದಲ್ಲ?

ಆಗ ಹೊರೆ ರಿಮ್ಮಿನ ಖಾತೆಗೆ ಬಂತು. ನಮ್ಮ ಅಪ್ಪಂದಿರ ಸೈಕಲ್ಲಿನ ಸರಳು ಬ್ರೇಕು ಇದೇ. ಹ್ಯಾಂಡಲ್ಲಿನ ಕೆಳಗಿನ ಹಿಡಿ ಒತ್ತಿದರೆ ಕಬ್ಬಿಣದ ಸರಳುಗಳು ಒಂದನ್ನೊಂದು ಎಳೆಯುತ್ತವೆ. ಕುದುರೆಯ ರಿಕಾಪಿನ ಹಾಗಿರುವ ಒಂದು ಕೊಂಡಿ ಮೇಲಕ್ಕೆ ಹೋಗಿ ಅದರ ಎರಡು ರಬ್ಬರ್ ಗುಬುಟುಗಳು ರಿಮ್ಮಿನ ಒಳಮೈಯನ್ನು, ಅಂದರೆ ಕಡ್ಡಿಗಳು ಕೂಡುವ ಬದಿಯನ್ನು, ಒತ್ತುತ್ತವೆ. ಇದರಲ್ಲಿ ಒಂದು ಜಾಣತನವಿತ್ತು. ಹಳ್ಳಿ ದಾರಿಯಲ್ಲಿ ರಿಮ್ಮು ಸ್ವಲ್ಪ ಅತ್ತಿತ್ತ ವಾಲಾಡಿದರೂ ಬ್ರೇಕು ಉಜ್ಜುವುದಿಲ್ಲ. ತಂತಿಯಿಲ್ಲ, ತಂತಿ ಹರಿಯುವ ಭಯವಿಲ್ಲ. ಯಾವ ಊರಿನ ಸೈಕಲ್ ಶಾಪಿನಲ್ಲೂ ಒಂದು ಪಾನಾ ಇದ್ದರೆ ರಿಪೇರಿ ಆಯಿತು. 1896ರಲ್ಲೇ ಅರ್ನೆಸ್ಟ್ ಬೌಡನ್ ಕೊಳವೆಯೊಳಗೆ ಓಡುವ ತಂತಿಗೆ ಪೇಟೆಂಟ್ ಪಡೆದಿದ್ದ, ತಂತಿ ಬ್ರೇಕು ಬಂದಿತ್ತು. (ರ್ಯಾಲಿ ಕಂಪನಿ ಕಟ್ಟಿದ ಫ್ರಾಂಕ್ ಬೌಡನ್ ಬೇರೆ, ಇವನು ಬೇರೆ.) ಆದರೂ ನಮ್ಮಲ್ಲಿ ಸರಳು ಬ್ರೇಕೇ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ಅಸನ್ಸೋಲ್‌ನಲ್ಲಿ ಸೆನ್-ರ್ಯಾಲಿ, 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನಾದಲ್ಲಿ ಹೀರೋ, ಹೀಗೆ ದೇಶದ ತುಂಬ ಕಾರ್ಖಾನೆಗಳು ಎದ್ದವು. 1986ರಲ್ಲಿ ಹೀರೋ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ಮಾಡುವ ಕಂಪನಿ ಅಂತ ಗಿನ್ನೆಸ್ ಪುಸ್ತಕ ಸೇರಿತು. ಮೇಷ್ಟ್ರು, ಪೋಸ್ಟ್‌ಮ್ಯಾನ್, ಹಾಲಿನವರು, ಮದುವೆಯಲ್ಲಿ ಅಳಿಯಂದಿರು, ಎಲ್ಲರಿಗೂ ಅದೇ ಕರಿ ಸೈಕಲ್, ಅದೇ ಸರಳು ಬ್ರೇಕು. ಅಪ್ಪನದು ಯಾವ ಕಂಪನಿಯದು ಅನ್ನುವುದು ಬೇಡ ಬಿಡಿ, ಯಾರದಾದರೂ ಒಂದೇ. ಅಂದ ಹಾಗೆ ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನ!

ರಿಮ್ಮಿನ ಖಾತೆಯಲ್ಲಿ ಒಂದೇ ಒಂದು ತೊಂದರೆ. ಮಳೆ. ಇದನ್ನು ಮುಂದೆ ಹೇಳುತ್ತೇನೆ.

ಡಿಸ್ಕ್ ಬ್ರೇಕಿನ ಕತೆ ಮೋಟಾರಿನಿಂದ ಶುರು. 1902ರಲ್ಲಿ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಕಾರಿಗೆ ಡಿಸ್ಕ್ ಬ್ರೇಕಿನ ಪೇಟೆಂಟ್ ಪಡೆದ. ತೆಳುವಾದ ಲೋಹದ ತಟ್ಟೆ ಚಕ್ರದ ಜೊತೆ ತಿರುಗುತ್ತದೆ, ಇಕ್ಕಳದಂಥ ಕ್ಯಾಲಿಪರ್ ಅದನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಆದರೆ ಲೋಹಕ್ಕೆ ಲೋಹ ಉಜ್ಜಿ ಕಿವಿ ಕಿತ್ತುಹೋಗುವ ಸದ್ದು. ಐವತ್ತು ವರ್ಷ ಅದು ಮೂಲೆಯಲ್ಲಿತ್ತು. 1953ರಲ್ಲಿ ಫ್ರಾನ್ಸಿನ ಲಮಾನ್ಸ್ ಇಪ್ಪತ್ನಾಲ್ಕು ಗಂಟೆಗಳ ರೇಸನ್ನು ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಾಗ ಎಲ್ಲರ ಕಣ್ಣು ತೆರೆಯಿತು. 1969ರಲ್ಲಿ ಹೋಂಡಾ ಸಿಬಿ 750 ಮೋಟಾರ್ ಸೈಕಲ್ಲಿನ ಮುಂದಿನ ಚಕ್ರಕ್ಕೆ ಬಂತು. ನಮ್ಮ ರಸ್ತೆಗಳಲ್ಲಿ 1999ರ ಹೀರೋ ಹೋಂಡಾ ಸಿಬಿಝಡ್ ನೋಡಿ ನಮ್ಮ ಬ್ಯಾಂಕಿನ ಹುಡುಗರು ಬಾಯಿ ಬಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

ಸೈಕಲ್ಲಿಗೆ 1970ರ ದಶಕದಲ್ಲೇ ಪ್ರಯತ್ನಗಳಾಗಿದ್ದವು. ಆದರೆ ನಿಜವಾಗಿ ಬೇಕಾದದ್ದು ಬೆಟ್ಟದ ಸೈಕಲ್ ಬಂದ ಮೇಲೆ. ಕೆಸರು ಮೊದಲು ಮುತ್ತುವುದು ರಿಮ್ಮನ್ನು. ಡಿಸ್ಕ್ ಇರುವುದು ಚಕ್ರದ ನಡುವೆ, ಕೆಸರು ನೀರಿನಿಂದ ಒಂದಡಿ ಮೇಲೆ. 1990ರ ದಶಕದ ಕೊನೆಗೆ ಅಳತೆಗಳು ಗೊತ್ತಾಗುತ್ತ ಬಂದವು. ಹಬ್ಬಿಗೆ ಡಿಸ್ಕ್ ಕೂಡಿಸಲು ಆರು ಬೋಲ್ಟು, 44 ಮಿ.ಮೀ. ವೃತ್ತದಲ್ಲಿ. ಫ್ರೇಮಿಗೆ ಕ್ಯಾಲಿಪರ್ ಕೂಡಿಸಲು ಎರಡು ತೂತು, ಒಂದು ಪದ್ಧತಿಯಲ್ಲಿ 51 ಮಿ.ಮೀ. ಅಂತರ, ಇನ್ನೊಂದರಲ್ಲಿ 74. ರಸ್ತೆ ರೇಸಿನವರು ಮಾತ್ರ ಬಹಳ ದಿನ ಒಪ್ಪಲಿಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರಸ್ತೆ ರೇಸಿಗೆ ಡಿಸ್ಕ್ ಬ್ರೇಕನ್ನು ಪೂರ್ತಿಯಾಗಿ ಒಪ್ಪಿದ್ದು 2018ರಲ್ಲಿ.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ರಿಮ್ಮಿನ ಖಾತೆಯಿಂದ ಡಿಸ್ಕ್ ಹೊರೆಯನ್ನು ತೆಗೆದು ಯಾರಿಗೆ ಹೊರಿಸಿತು? ಫ್ರೇಮಿಗೆ!

ನನ್ನ ಸೈಕಲ್ಲಿನ ಚಕ್ರದ ಕೇಂದ್ರದಿಂದ ನೆಲಕ್ಕೆ ಸುಮಾರು 330 ಮಿ.ಮೀ. ರಿಮ್ ಬ್ರೇಕು ಹಿಡಿಯುವುದು ಕೇಂದ್ರದಿಂದ ಸುಮಾರು 275 ಮಿ.ಮೀ. ದೂರದಲ್ಲಿ. 160 ಮಿ.ಮೀ. ಡಿಸ್ಕನ್ನು ಕ್ಯಾಲಿಪರ್ ಹಿಡಿಯುವುದು ಕೇಂದ್ರದಿಂದ ಸುಮಾರು 75 ಮಿ.ಮೀ. ದೂರದಲ್ಲಿ. ನೆಲದ ಹತ್ತಿರ 20 ಕೆ.ಜಿ. ಬಲದಲ್ಲಿ ಚಕ್ರವನ್ನು ತಡೆಯಬೇಕಾದರೆ ರಿಮ್ಮಿನಲ್ಲಿ 24 ಕೆ.ಜಿ. ಸಾಕು, ಡಿಸ್ಕಿನಲ್ಲಿ 88 ಕೆ.ಜಿ. ಬೇಕು. ಬಾಗಿಲನ್ನು ಅಂಚಿನಲ್ಲಿ ಹಿಡಿದು ತಳ್ಳುವುದಕ್ಕೂ ಕೀಲಿನ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ ಅಷ್ಟೆ. ಬ್ರೇಕು ಹಿಡಿದಾಗ ಕ್ಯಾಲಿಪರ್ ತಾನೂ ಚಕ್ರದ ಜೊತೆ ತಿರುಗಿ ಹೋಗಲು ನೋಡುತ್ತದೆ. ಆ 88 ಕೆ.ಜಿ.ಯನ್ನು ತಡೆದು ನಿಲ್ಲಿಸುವುದು ಫ್ರೇಮಿನ ಎಡಗಡೆಯ ಎರಡು ತೆಳು ಪೈಪುಗಳು. 1998ರಲ್ಲಿ ಆ ಪೈಪು ಬೆಸೆದ ಮನುಷ್ಯನಿಗೆ ಇಂಥ ಹೊರೆ ಇಲ್ಲಿ ಬಂದು ಕೂರುತ್ತದೆ ಅನ್ನುವ ಕಲ್ಪನೆಯೇ ಇರಲಿಲ್ಲ.

ಇಲ್ಲೇ ಅಡಾಪ್ಟರಿನ ಕೆಲಸ. ಅಂಗೈ ಅಗಲದ ಗಟ್ಟಿ ಅಲ್ಯೂಮಿನಿಯಂ ತಟ್ಟೆ. ಅದರ ಒಂದು ತುದಿ ಹಿಂದಿನ ಆಕ್ಸಲ್ಲಿಗೆ ಸಿಕ್ಕಿಕೊಂಡು ನಟ್ಟಿನ ಕೆಳಗೆ ಕೂರುತ್ತದೆ. ನಡುವೆ 51 ಮಿ.ಮೀ. ಅಂತರದ ಎರಡು ತೂತು, ಕ್ಯಾಲಿಪರ್‌ಗೆ. ಇನ್ನೊಂದು ತುದಿಯ ತೋಳನ್ನು ಪಟ್ಟಿ ಹಾಕಿ ಪೈಪಿಗೆ ಬಿಗಿಯುತ್ತಾರೆ. ಹೊರೆ ಒಂದೇ ಬಿಂದುವಿನ ಮೇಲೆ ಬೀಳದೆ ಆಕ್ಸಲ್ಲಿಗೂ ಪೈಪಿಗೂ ಹಂಚಿಹೋಗುತ್ತದೆ. ಬೆಸುಗೆ ಬೇಡ, ಹಳೆಯ ಪೈಪಿಗೆ ಬೆಂಕಿ ಮುಟ್ಟಿಸುವುದು ಬೇಡ.

ಗಡ್ಡಿಅನ್ನಾರಂ ಕಡೆಯ ಒಂದು ಗಲ್ಲಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಚಾಚಾ. ಸೈಕಲ್ ನೋಡಿ, "ಕಾಯಕು ಸಾಬ್? ಪೊಟ್ಟಿಕು ನಯಾ ಲೇಲೋ" ಅಂದರು. ಹೊಸದು ಕೊಳ್ಳಿ ಅನ್ನುವ ಸಲಹೆ ಲೆಕ್ಕದ ಪ್ರಕಾರ ಸರಿಯಾದದ್ದೇ. ಬ್ಯಾಂಕಿನಲ್ಲಿ ಯಾರಾದರೂ ಇಂಥ ಪ್ರಾಜೆಕ್ಟಿಗೆ ಸಾಲ ಕೇಳಿದರೆ ನಾನೇ ಕೊಡುತ್ತಿರಲಿಲ್ಲ. ಅಡಾಪ್ಟರ್ 1,150. ಹಬ್ಬು, ಡಿಸ್ಕು ಸೇರಿ 1,400. ತಂತಿಯಿಂದ ಎಳೆಯುವ ಕ್ಯಾಲಿಪರ್ 950. ಎರಡು ಅಲ್ಯೂಮಿನಿಯಂ ರಿಮ್ಮು, ಮುಂದಿನ ಬ್ರೇಕು, ಹೊಸ ಹಿಡಿಗಳು 2,300. ಚಾಚಾ ಕೂಲಿ 900. ಒಟ್ಟು 6,700. ಸೈಕಲ್ಲಿನ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ!

ಕೆಲಸ ಎರಡು ದಿನ ಹಿಡಿಯಿತು. ಹಳೆಯ ಫ್ರೇಮಿನ ಹಿಂದಿನ ಕವಲಿನ ಒಳ ಅಂತರ 130 ಮಿ.ಮೀ., ಡಿಸ್ಕ್ ಹಬ್ಬಿಗೆ ಬೇಕಾದದ್ದು 135. ಸ್ಟೀಲ್ ಆದ್ದರಿಂದ ಪ್ರತಿ ಬದಿಗೆ ಎರಡೂವರೆ ಮಿ.ಮೀ.ನಷ್ಟು ಮೆಲ್ಲಗೆ ಅಗಲಿಸಬಹುದು. ಚಾಚಾ ದಾರ ಕಟ್ಟಿ ಎರಡೂ ಕಡೆ ಸಮ ಇದೆಯೇ ಅಂತ ನಾಲ್ಕು ಸಲ ನೋಡಿದರು. ಅಲ್ಯೂಮಿನಿಯಂ ಫ್ರೇಮಾಗಿದ್ದರೆ ಈ ಕೆಲಸ ಮಾಡಲೇಬಾರದು, ಬಿರುಕು ಬಿಡುತ್ತದೆ. ಕಡ್ಡಿಗಳನ್ನು ಒಂದರ ಮೇಲೊಂದು ದಾಟಿಸಿ ಹೆಣೆಯಬೇಕು. ಡಿಸ್ಕು ಹಬ್ಬನ್ನು ತಡೆಯುತ್ತದೆ, ಹಬ್ಬು ಕಡ್ಡಿಗಳ ಮೂಲಕ ರಿಮ್ಮನ್ನು ತಡೆಯಬೇಕು, ನೆಟ್ಟಗೆ ಹಾಕಿದ ಕಡ್ಡಿ ಆ ತಿರುಚನ್ನು ತಡೆಯಲಾರದು. ಹಳೆಯ ಬ್ರೇಕ್ ಹಿಡಿ ಎಳೆಯುವ ತಂತಿಯ ಉದ್ದ ಈ ಕ್ಯಾಲಿಪರ್‌ಗೆ ಸಾಲುವುದಿಲ್ಲ, ಅದಕ್ಕೇ ಹೊಸ ಹಿಡಿ.

ಮುಂದಿನ ಚಕ್ರಕ್ಕೂ ಡಿಸ್ಕ್ ಬೇಕು ಅಂತ ಮಗಳ ಹಟ. ಇಲ್ಲಿ ಮಾತ್ರ ಚಾಚಾ ಕೈ ಅಡ್ಡ ಮಾಡಿದರು. "ಆಗೆ ನಕ್ಕೋ." ಕಾರಣ ಅವರು ಹೇಳಲಿಲ್ಲ, ಅನುಭವ ಅಷ್ಟೆ. ಕಾರಣ ಮಗಳೇ ಹುಡುಕಿ ತಂದಳು. ಬ್ರೇಕು ಹಿಡಿದಾಗ ಮೈಭಾರವೆಲ್ಲ ಮುಂದಕ್ಕೆ ಬರುತ್ತದೆ. ಹಿಂದಿನ ಚಕ್ರ ಹಗುರಾಗಿ ಬೇಗ ಜಾರುತ್ತದೆ, ಆದ್ದರಿಂದ ಹಿಂದಿನ ಅಡಾಪ್ಟರ್ ಮೇಲೆ ಬೀಳುವ ಹೊರೆಗೆ ಒಂದು ಮಿತಿ ತಾನಾಗಿಯೇ ಇದೆ. ಮುಂದೆ ಆ ಮಿತಿ ಇಲ್ಲ. ಹಳೆಯ ಫೋರ್ಕಿನ ಕಾಲು ಕೆಳಗೆ ಬರುಬರುತ್ತ ತೆಳ್ಳಗಾಗುತ್ತದೆ, ಸರಿಯಾಗಿ ಅಲ್ಲೇ, ಅದೂ ಎಡಗಾಲಿಗೆ ಮಾತ್ರ, ಡಿಸ್ಕ್ ತನ್ನ ಹೊರೆ ಹಾಕುತ್ತದೆ. ಅಷ್ಟೇ ಅಲ್ಲ, ಫೋರ್ಕಿನ ಹಿಂದೆ ಕೂತ ಕ್ಯಾಲಿಪರ್ ಚಕ್ರದ ಆಕ್ಸಲ್ಲನ್ನು ಅದರ ಗಾಳೆಯಿಂದ ಕೆಳಕ್ಕೆ ಹೊರದೂಡಲು ನೋಡುತ್ತದೆ. 2003ರಲ್ಲಿ ಜೇಮ್ಸ್ ಅನ್ನನ್ ಎಂಬ ವಿಜ್ಞಾನಿ ಈ ಅಪಾಯವನ್ನು ಲೆಕ್ಕ ಹಾಕಿ ತೋರಿಸಿದ. ಮುಂದೆ ಆಕ್ಸಲ್ಲು ಫೋರ್ಕಿನ ತೂತಿನಲ್ಲಿ ಆರುಪಾರಾಗಿ ಹೋಗುವ ಪದ್ಧತಿ ಬೆಳೆದದ್ದರಿಂದ ಈ ಅಪಾಯ ತಪ್ಪಿತು. ನಮ್ಮದು ಹಳೆಯ ಫೋರ್ಕು. ಹಾಗಾಗಿ ಮುಂದೆ ಅಲ್ಯೂಮಿನಿಯಂ ರಿಮ್ಮು, ಅದಕ್ಕೆ ಎರಡು ಉದ್ದ ತೋಳಿನ ವಿ-ಬ್ರೇಕು. ಶಿಮಾನೊ ಕಂಪನಿ 1996ರಲ್ಲಿ ಜನಪ್ರಿಯಗೊಳಿಸಿದ ಪದ್ಧತಿ ಅದು. ಹಳೆಯ ಬ್ರೇಕಿನ ಗೂಟಗಳ ಮೇಲೇ ಕೂತಿತು.

ಎಲ್ಲ ಮುಗಿಯಿತು ಅಂತ ಸೈಕಲ್ ತಂದೆವು. ಮಗಳು ಗಲ್ಲಿಯಲ್ಲಿ ಒಂದು ಸುತ್ತು ಹೊಡೆದು ಗೇಟಿನ ಹತ್ತಿರ ಬ್ರೇಕು ಹಿಡಿದಳು. ಹಿಂದಿನದು ಹಿಡಿಯಲೇ ಇಲ್ಲ! ಮುಂದಿನದು ಇದ್ದದ್ದಕ್ಕೆ ನಿಂತಳು. ನನ್ನ ಎದೆ ಜಾಲಿ ಕಂಟಿಗೆ ಹೋಗಿ ಬಂತು. ನೋಡಿದರೆ ಅಂಗಡಿಯ ಹುಡುಗ ಡಿಸ್ಕು ತುಕ್ಕು ಹಿಡಿಯಬಾರದು ಅಂತ ಪ್ರೀತಿಯಿಂದ ಎಣ್ಣೆ ಒರೆಸಿಬಿಟ್ಟಿದ್ದ. ಚೈನಿಗೆ ಮಾಡುವ ಉಪಚಾರ ಡಿಸ್ಕಿಗೆ ಮಾಡಿದರೆ ಹೀಗೆ. ಸ್ಪಿರಿಟ್ ಹಾಕಿ ಡಿಸ್ಕು ಒರೆಸಿ, ಎಣ್ಣೆ ಕುಡಿದ ಪ್ಯಾಡುಗಳನ್ನು ಬಿಸಾಡಿ ಹೊಸದು ಹಾಕಿಸಿ, ಇಪ್ಪತ್ತು ಸಲ ಓಡಿಸಿ ಮೆಲ್ಲಗೆ ನಿಲ್ಲಿಸಿ ಪಳಗಿಸಿದ ಮೇಲೆ ಸರಿಯಾಯಿತು.

ಅಪಾರ್ಟ್‌ಮೆಂಟಿನ ಇಳಿಜಾರಿನಲ್ಲಿ ನನ್ನದೇ ಒಂದು ಪರೀಕ್ಷೆ ಮಾಡಿದೆ. ಹಳೆಯ ಬ್ರೇಕು ಇದ್ದಾಗಲೇ ಮೊದಲ ಸುತ್ತು ಮುಗಿಸಿ ಬರೆದಿಟ್ಟುಕೊಂಡಿದ್ದೆ. ಒಣಗಿದ್ದಾಗ ಗೆರೆಯಿಂದ 9 ಹೆಜ್ಜೆಗೆ ನಿಂತಿತು. ಬಕೆಟ್ ನೀರು ಸುರಿದಾಗ 20 ಹೆಜ್ಜೆ ದಾಟಿ ಗೋಡೆ ಬಂದಿದ್ದರಿಂದ ನಿಂತಿತು. ಹೊಸ ಬ್ರೇಕಿನಲ್ಲಿ ಒಣಗಿದ್ದಾಗ 6, ನೀರು ಹಾಕಿದಾಗ 8. ವಾಚ್‌ಮನ್ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ.

ಈಗ ಆ ಮಳೆಯ ವಿಷಯ. ಅಮೆರಿಕದ ಎಂಐಟಿಯ ಪ್ರೊಫೆಸರ್ ಡೇವಿಡ್ ಗಾರ್ಡನ್ ವಿಲ್ಸನ್ ಅವರು ಫ್ರಾಂಕ್ ವಿಟ್ ಜೊತೆ ಬರೆದ 'ಬೈಸಿಕ್ಲಿಂಗ್ ಸೈನ್ಸ್' ಎಂಬ ಪುಸ್ತಕ 1974ರಲ್ಲಿ ಬಂತು. ಎಂಐಟಿಯಲ್ಲಿ 1970ರ ದಶಕದ ಆರಂಭದಲ್ಲಿ ಕ್ರೋಮ್ ಮಾಡಿದ ಸ್ಟೀಲ್ ರಿಮ್ಮಿಗೆ ನೀರು ಹಾಕಿ ಪರೀಕ್ಷೆ ಮಾಡಿದ್ದರು. ಒದ್ದೆಯಾದಾಗ ರಬ್ಬರಿನ ಹಿಡಿತ ಒಣಗಿದ್ದಾಗಿನ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಪೂರ್ತಿ ಒತ್ತಿ ಹಿಡಿದರೂ ಚಕ್ರ ಸರಾಸರಿ 30 ಸುತ್ತು ತಿರುಗಿದ ಮೇಲೆಯೇ ರಿಮ್ಮು ಒರೆಸಿದಂತಾಗಿ ಹಿಡಿತ ಏರಲು ಶುರುವಾಗುತ್ತಿತ್ತು.

ಓದುತ್ತಿದ್ದವನು ಪೆನ್ನು ತಗೊಂಡೆ. ಇಪ್ಪತ್ತೆಂಟು ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 30 ಸುತ್ತಿಗೆ 66 ಮೀಟರ್.

ಊರಿಗೆ ಫೋನ್ ಮಾಡಿ ತಮ್ಮನಿಗೆ ಹೇಳಿದೆ, ಹಳ್ಳದ ಹಳೇ ದಾರಿಗೆ ಹೋಗಿ ಮೇಲಿನಿಂದ ನೀರಿನತನಕ ಹೆಜ್ಜೆ ಎಣಿಸಿ ಬಾ ಅಂತ. "ಅಣ್ಣಾ, ನಿನಗೇನ್ ಆಗ್ಯಾದ?" ಅಂದ. ಆದರೂ ಹೋದ. ಈಗ ಪಕ್ಕದಲ್ಲಿ ಸೇತುವೆ ಆಗಿದೆ, ಹಳೇ ದಾರಿ ಹಾಗೇ ಇದೆಯಂತೆ. ಎಂಬತ್ತು ಹೆಜ್ಜೆ. ಅಂದರೆ ಹೆಚ್ಚೆಂದರೆ 60 ಮೀಟರ್.

ಇಳಿಜಾರೇ ಅರವತ್ತು ಮೀಟರ್. ಬ್ರೇಕಿಗೆ ಎಚ್ಚರವಾಗಲು ಬೇಕಿದ್ದದ್ದು ಅರವತ್ತಾರು. ಅಪ್ಪ ಮೇಲಿನ ತುದಿಯಲ್ಲೇ ಹಿಡಿದಿದ್ದರೂ ಅದು ನೀರಿಗೆ ಹೋಗಿ ಮುಟ್ಟುವತನಕ ಹಿಡಿಯುತ್ತಿರಲಿಲ್ಲ. ಇದು ಎಂಐಟಿಯವರಿಗೆ ಗೊತ್ತಿತ್ತು, ಪುಸ್ತಕದಲ್ಲಿ ಅಚ್ಚಾಗಿ ಆರು ವರ್ಷವಾಗಿತ್ತು. ಲಿಂಗಸುಗೂರಿನ ಮೇಷ್ಟ್ರಿಗೆ ಹೇಳುವವರು ಯಾರು? ಅವರು ಆ ಗಳಿಗೆಯಲ್ಲಿ ಒಂದೇ ಒಂದು ಬ್ರೇಕು ಉಳಿದಿದೆ ಅಂತ ಕಂಡುಕೊಂಡರು. ಜಾಲಿ ಕಂಟಿ. ಅದರ ಹೊರೆಯನ್ನು ತಮ್ಮ ಕೈಯ ಖಾತೆಗೆ ಬರೆದುಕೊಂಡರು.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದಾಳೆ, ಕಿವಿ ಮಂದ. ರಿಮ್ಮು, ಕ್ರೋಮು, ಮೂವತ್ತು ಸುತ್ತು, ಎಲ್ಲ ಜೋರಾಗಿ ಹೇಳಿದೆ. ಕೊನೆಗೆ, "ಅವ್ವಾ, ಅಪ್ಪಂದು ತಪ್ಪಿರಲಿಲ್ಲ. ಅವರು ಹಿಡಿದದ್ದು ಖರೇ. ಹಿಡೀದೆ ಇದ್ದದ್ದು ಬ್ರೇಕು" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದಳು, "ಹಿಡೀಲಿಲ್ಲ ಅಂಬೋದು ನನಗ ಅವತ್ತೇ ಗೊತ್ತಿಲ್ಲೇನೋ? ಮಳಿ ನಿಂದ್ರತನಕ ಸಾಲ್ಯಾಗ ಕುಂತು ಬರಬಾರದಿತ್ತಾ? ಅದಕ್ಕ ಬೈತಿದ್ದೆ."

ನಾನು ಬಾಯಿ ಮುಚ್ಚಿದೆ. ಪುಸ್ತಕ ಓದಿ, ಫ್ರೇಮು ಅಗಲಿಸಿ, ತಮ್ಮನನ್ನು ಹಳ್ಳಕ್ಕೆ ಓಡಿಸಿ ಮಾಡಿದ ಲೆಕ್ಕಕ್ಕೆ ಈ ಬಾಬತ್ತು ಸೇರಿಸುವುದೇ ಮರೆತಿದ್ದೆ.

ಫೋನ್ ಇಡುವ ಮುಂಚೆ ಅವ್ವ ಇನ್ನೊಂದು ಮಾತು ಹೇಳಿದಳು. "ಮೊಮ್ಮಗಳಿಗೂ ಹೇಳಪ್ಪ. ಎಂಥಾ ಬ್ರೇಕರ ಇರವೊಲ್ದ್ಯಾಕ, ಮಳಿ ನಿಂತ ಮ್ಯಾಲ ಹೋಗು ಅನ್ನು."

ಹೇಳಿದ್ದೇನೆ. ಕೇಳುತ್ತಾಳೋ ಇಲ್ಲವೋ ಅಂತ ಮಳೆ ಬಂದಾಗಲೆಲ್ಲ ಬಾಲ್ಕನಿಯಲ್ಲಿ ನಿಂತು ನೋಡುತ್ತಿರುತ್ತೇನೆ.